ಸಂದರ್ಶನದಲ್ಲಿ ನುಡಿಯ ಧಾಟಿಗೆ ಎಷ್ಟು ಅಂಕ? – ಗಡಿಭಾಗದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಒಂದು ಪಾಠ

ಹುಕ್ಕೇರಿ ತಾಲೂಕಿನ ಕಣಗಲಾ ಗ್ರಾಮವು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ, ಸಂಕೇಶ್ವರ ಮತ್ತು ನಿಪ್ಪಾಣಿಗಳ ನಡುವೆ ಇದೆ. ಉತ್ತರಕ್ಕೆ ಹೊರಟ ಸರಕಿನ ಲಾರಿ ಸ್ವಲ್ಪ ಹೊತ್ತಿನಲ್ಲಿಯೇ ಮಹಾರಾಷ್ಟ್ರದ ಗಡಿ ದಾಟುತ್ತದೆ. ದಕ್ಷಿಣಕ್ಕೆ ಹೊರಟದ್ದು ಬೆಳಗಾವಿಯನ್ನು ಸೇರುತ್ತದೆ. ಕೇರಳದ ತಿರುವನಂತಪುರದಲ್ಲಿ ಪ್ರಧಾನ ಕಚೇರಿಯನ್ನು ಹೊಂದಿರುವ, ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಲೈಫ್‌ಕೇರ್ ಸಂಸ್ಥೆಯ ಕಾರ್ಖಾನೆ 1985ರಿಂದ ಈ ಊರಿನಲ್ಲಿದೆ. ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು, ಹಿಂದಿ ಎಲ್ಲವೂ ಕೇಳಿಬರುತ್ತವೆ. ಒಂದೇ ವ್ಯವಹಾರದಲ್ಲಿ ದರವನ್ನು ಮರಾಠಿಯಲ್ಲಿ ಕೇಳಿ, ಚೌಕಾಸಿಯನ್ನು ಕನ್ನಡದಲ್ಲಿ ಮಾಡಿ, ಬಿಲ್ಲನ್ನು ಇಂಗ್ಲಿಷಿನಲ್ಲಿ ಪಡೆಯುವುದು ಇಲ್ಲಿ ನಿತ್ಯದ ಸಂಗತಿಯಾಗಿದೆ.

ಆದರೆ ಇದೇ ಪ್ರದೇಶದ ಯುವಕ-ಯುವತಿಯರು ಬೆಂಗಳೂರು, ಪುಣೆ ಅಥವಾ ಕೊಲ್ಲಾಪುರದ ಸಂದರ್ಶನಕ್ಕೆ ಹೋದಾಗ ಹಲವು ಭಾಷೆಗಳ ಈ ಬಲವೇ ಅವರಿಗೆ ಮುಳುವಾಗುತ್ತದೆ. ಇಂಗ್ಲಿಷಿನಲ್ಲಿ ಕನ್ನಡದ ಧಾಟಿ, ಮರಾಠಿಯಲ್ಲಿ ಕನ್ನಡದ ಎಳೆತ, ಬೆಂಗಳೂರಿನ ಕಿವಿಗೆ ಬೆಳಗಾವಿಯ ಕನ್ನಡವೇ ಒರಟು ಎಂಬ ಭಾವನೆ ಅಡ್ಡ ಬರುತ್ತವೆ. ಇಷ್ಟಕ್ಕೇ ಮುಗಿಯುವುದಿಲ್ಲ. ಹೊರಗೆ ತಮ್ಮ ಮಕ್ಕಳಿಗೆ ಆದ ಅನ್ಯಾಯಕ್ಕೆ ನೊಂದುಕೊಳ್ಳುವ ಉದ್ದಿಮೆದಾರರೇ ತಮ್ಮ ಕಚೇರಿಯಲ್ಲಿ ಗುಮಾಸ್ತರನ್ನು ಆರಿಸುವಾಗ ಅದೇ ಅಳತೆಗೋಲನ್ನು ಕೈಗೆತ್ತಿಕೊಳ್ಳುತ್ತಾರೆ. ಆದುದರಿಂದ ಈ ವಿಷಯವನ್ನು ಎರಡೂ ಕಡೆಯಿಂದ, ಅಂದರೆ ಆರಿಸುವವರ ಮತ್ತು ಆಯ್ಕೆಗೆ ನಿಲ್ಲುವವರ ಕಡೆಯಿಂದ, ಲಾಭ-ನಷ್ಟದ ಲೆಕ್ಕದೊಂದಿಗೆ ಪರಿಶೀಲಿಸುವುದು ಉಚಿತ.

1. ಧಾಟಿ ಬೇರೆ, ಅರ್ಥವಾಗುವಿಕೆ ಬೇರೆ

ಮೊದಲನೆಯ ಭಾಷೆಯ ಧ್ವನಿಗಳು ಆಮೇಲೆ ಕಲಿತ ಭಾಷೆಯೊಳಗೆ ಇಳಿದು ಬರುವುದು ಸಹಜ. ಕನ್ನಡದಲ್ಲಿ ಎ–ಏ, ಒ–ಓ ಎಂಬ ಹ್ರಸ್ವ-ದೀರ್ಘ ಭೇದವಿದೆ. ಮರಾಠಿಯಲ್ಲಿ ಆ ಭೇದವಿಲ್ಲ. ಹಾಗಾಗಿ ಮರಾಠಿ ಮನೆಮಾತಿನವರ ಕನ್ನಡದಲ್ಲಿ ‘ಕೊಡು’ ಎಂಬುದು ‘ಕೋಡು’ ಎಂದು ಕೇಳಿಸಬಹುದು. ಮರಾಠಿಯ ಚ, ಜಗಳಿಗೆ ಹಲ್ಲಿನ ಬಳಿ ಹುಟ್ಟುವ ಇನ್ನೊಂದು ಉಚ್ಚಾರವೂ ಇದೆ. ಅದು ಕನ್ನಡಿಗರ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಕನ್ನಡಿಗರ ಇಂಗ್ಲಿಷಿನಲ್ಲಿ ‘ಎಂಜಿನ್’ ‘ಯಂಜಿನ್’ ಆಗುತ್ತದೆ, ‘ಬ್ಯಾಂಕ್’ ‘ಬ್ಯಾಂಕು’ ಆಗುತ್ತದೆ. ಇವು ಬುದ್ಧಿಯ ಕೊರತೆಯಲ್ಲ, ವಿದ್ಯೆಯ ಕೊರತೆಯೂ ಅಲ್ಲ. ಬಾಯಿಯ ಅಭ್ಯಾಸ ಮಾತ್ರ.

ಒಂದೇ ಭಾಷೆಯೊಳಗೂ ಈ ತೊಡಕು ಇದೆ. ಬೆಳಗಾವಿ ಸೀಮೆಯಲ್ಲಿ ‘ರೀ’ ಎಂಬುದು ಗೌರವದ ಗುರುತು; ‘ಬರ್ರಿ, ಕೂಡ್ರಿ’ ಎನ್ನದೆ ಹಿರಿಯರನ್ನು ಇಲ್ಲಿ ಯಾರೂ ಮಾತನಾಡಿಸುವುದಿಲ್ಲ. ಅದೇ ‘ಏನ್ರೀ’ ಬೆಂಗಳೂರಿನ ಕೆಲವರ ಕಿವಿಗೆ ಜಗಳಕ್ಕೆ ಬಂದಂತೆ ಕೇಳಿಸುತ್ತದೆ. ಅಭ್ಯರ್ಥಿಯು ಮರ್ಯಾದೆ ಕೊಟ್ಟಿರುತ್ತಾನೆ, ಸಂದರ್ಶಕರು ಅದನ್ನು ಉದ್ಧಟತನವೆಂದು ಗುರುತು ಹಾಕಿಕೊಂಡಿರುತ್ತಾರೆ.

ಕೆನಡಾದ ಭಾಷಾ ವಿದ್ವಾಂಸರಾದ ಮರೆ ಮುನ್ರೊ ಮತ್ತು ಟ್ರೇಸಿ ಡರ್ವಿಂಗ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಉಪಯುಕ್ತ. ಮಾತಿನಲ್ಲಿ ಪರಭಾಷೆಯ ಧಾಟಿ ಎಷ್ಟಿದೆ ಎಂಬುದೂ, ಆ ಮಾತು ಕೇಳುಗರಿಗೆ ಎಷ್ಟು ಅರ್ಥವಾಯಿತು ಎಂಬುದೂ ಎರಡು ಬೇರೆ ಬೇರೆ ಅಳತೆಗಳೆಂದು ಅವರು ತೋರಿಸಿದರು. ಧಾಟಿ ಬಹಳ ಗಾಢವಾಗಿದ್ದರೂ ಮಾತು ಪೂರ್ಣವಾಗಿ ಅರ್ಥವಾಗಬಹುದು. 2004ರಲ್ಲಿ ಕ್ಲಾರ್ಕ್ ಮತ್ತು ಗ್ಯಾರೆಟ್ ಎಂಬ ಸಂಶೋಧಕರು ಕೇಳುಗರ ಕಿವಿಯು ಹೊಸ ಧಾಟಿಗೆ ಒಂದು ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಹೊಂದಿಕೊಳ್ಳಬಲ್ಲದೆಂದು ಕಂಡುಕೊಂಡರು. ಅಂದರೆ ಮೊದಲ ಎರಡು ವಾಕ್ಯ ಕೇಳಿ ‘ಇವನ ಮಾತು ತಿಳಿಯುವುದಿಲ್ಲ’ ಎಂದು ತೀರ್ಮಾನಿಸುವ ಸಂದರ್ಶಕರು ತಮ್ಮ ಕಿವಿಗೆ ಬೇಕಾದ ಆ ಅಲ್ಪ ಸಮಯವನ್ನೂ ಕೊಟ್ಟಿರುವುದಿಲ್ಲ.

2. ಪೂರ್ವಗ್ರಹ ಹೇಗೆ ಕೆಲಸ ಮಾಡುತ್ತದೆ

ಭಾಷೆಯ ವಿಷಯದಲ್ಲಿ ತಾರತಮ್ಯ ಮಾಡುವವರಲ್ಲಿ ಹೆಚ್ಚಿನವರು ಅದನ್ನು ಬೇಕೆಂದು ಮಾಡುವುದಿಲ್ಲ. 2010ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಲೆವ್-ಆರಿ ಮತ್ತು ಕೇಸರ್ ಅವರು ಸಾಮಾನ್ಯ ಜ್ಞಾನದ ವಾಕ್ಯಗಳನ್ನು ಬೇರೆ ಬೇರೆ ಧಾಟಿಯವರಿಂದ ಓದಿಸಿ ಕೇಳಿಸಿದರು. ವಾಕ್ಯವನ್ನು ಬರೆದುಕೊಟ್ಟವರು ಸಂಶೋಧಕರೇ, ಓದುವವರು ಕೇವಲ ಒಪ್ಪಿಸುವವರು ಎಂದು ತಿಳಿಸಿದ್ದರೂ, ಪರಭಾಷೆಯ ಧಾಟಿಯಲ್ಲಿ ಬಂದ ವಾಕ್ಯಗಳನ್ನು ಕೇಳುಗರು ಕಡಿಮೆ ನಂಬಿದರು. ಅರ್ಥ ಮಾಡಿಕೊಳ್ಳಲು ಕಿವಿ ಪಟ್ಟ ಶ್ರಮವನ್ನು ಮನಸ್ಸು ‘ಇದು ಅಷ್ಟು ನಿಜವಿರಲಾರದು’ ಎಂದು ತಪ್ಪಾಗಿ ಓದಿಕೊಂಡಿತೆಂಬುದು ಅವರ ವಿವರಣೆ.

1992ರಲ್ಲಿ ಅಮೆರಿಕದ ಡೊನಾಲ್ಡ್ ರೂಬಿನ್ ಅವರು ನಡೆಸಿದ ಪ್ರಯೋಗ ಇನ್ನೂ ವಿಚಿತ್ರವಾದುದು. ಅಮೆರಿಕನ್ ಇಂಗ್ಲಿಷಿನಲ್ಲಿ ಮುದ್ರಿಸಿದ ಒಂದೇ ಉಪನ್ಯಾಸವನ್ನು ಎರಡು ಗುಂಪುಗಳಿಗೆ ಕೇಳಿಸಿ, ಒಂದು ಗುಂಪಿಗೆ ಬಿಳಿಯ ಮಹಿಳೆಯ ಚಿತ್ರವನ್ನೂ ಇನ್ನೊಂದಕ್ಕೆ ಏಷ್ಯಾ ಮೂಲದ ಮಹಿಳೆಯ ಚಿತ್ರವನ್ನೂ ತೋರಿಸಲಾಯಿತು. ಎರಡನೆಯ ಗುಂಪಿನವರು ಧ್ವನಿಯಲ್ಲಿ ಇಲ್ಲದ ಪರದೇಶಿ ಧಾಟಿಯನ್ನು ಕೇಳಿದರು. ಅರ್ಜಿಯಲ್ಲಿ ಊರಿನ ಹೆಸರು, ಕನ್ನಡ ಮಾಧ್ಯಮ ಶಾಲೆಯ ಹೆಸರು ಓದಿದ ಕೂಡಲೇ ಸಂದರ್ಶಕರ ಕಿವಿಯಲ್ಲಿಯೂ ಇಂಥದೇ ಒಂದು ‘ಧಾಟಿ’ ಮೊದಲೇ ಸಿದ್ಧವಾಗಿರಬಹುದೆಂಬುದು ಇದರಿಂದ ಕಲಿಯಬೇಕಾದ ಪಾಠ.

ಭಾರತದ ಕಾಲ್ ಸೆಂಟರ್‌ಗಳಲ್ಲಿ ಇದಕ್ಕೆ ಒಂದು ಹೆಸರೇ ಇದೆ: ಎಂಟಿಐ, ಅಂದರೆ ಮಾತೃಭಾಷೆಯ ಪ್ರಭಾವ. ದೂರವಾಣಿಯಲ್ಲಿ ವಿದೇಶದ ಗ್ರಾಹಕರೊಂದಿಗೆ ದಿನವಿಡೀ ಮಾತನಾಡುವ ಹುದ್ದೆಗೆ ಅದನ್ನು ಪರೀಕ್ಷಿಸುವುದು ಸಮಂಜಸವೆನ್ನಬಹುದು. ಆದರೆ ಅದೇ ಅಳತೆಯು ಲೆಕ್ಕಪತ್ರ, ಉಗ್ರಾಣ, ವಿನ್ಯಾಸ, ಗುಣಮಟ್ಟ ತಪಾಸಣೆಯ ಹುದ್ದೆಗಳಿಗೂ ಹರಡಿದರೆ ಅದಕ್ಕೆ ಆಧಾರವಿಲ್ಲ.

3. ಕಾನೂನು ಏನು ಹೇಳುತ್ತದೆ

ಸಂವಿಧಾನದ 16(2)ನೆಯ ವಿಧಿಯು ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ವಾಸಸ್ಥಳಗಳ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲವೆನ್ನುತ್ತದೆ. ಈ ಪಟ್ಟಿಯಲ್ಲಿ ಭಾಷೆ ಇಲ್ಲ. ಶಿಕ್ಷಣ ಸಂಸ್ಥೆಗಳ ಪ್ರವೇಶಕ್ಕೆ ಸಂಬಂಧಿಸಿದ 29(2)ನೆಯ ವಿಧಿಯಲ್ಲಿ ಮಾತ್ರ ಭಾಷೆಯ ಹೆಸರು ಬಂದಿದೆ. ಖಾಸಗಿ ನೇಮಕಾತಿಗೆ 16ನೆಯ ವಿಧಿ ಅನ್ವಯಿಸುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯು ಲಿಂಗಭೇದವನ್ನು ನೇಮಕಾತಿಯಲ್ಲಿಯೂ ನಿಷೇಧಿಸುತ್ತದೆಯೇ ಹೊರತು ಭಾಷೆಯ ವಿಷಯವನ್ನು ಎತ್ತಿಲ್ಲ. ಒಟ್ಟಿನಲ್ಲಿ, ನುಡಿಯ ಧಾಟಿಯ ಕಾರಣಕ್ಕೆ ಖಾಸಗಿ ಕಂಪನಿಯಲ್ಲಿ ಕೆಲಸ ತಪ್ಪಿದವನಿಗೆ ನೇರವಾದ ಕಾನೂನಿನ ಆಸರೆ ಬಹಳ ಕಡಿಮೆ.

ಕರ್ನಾಟಕದಲ್ಲಿ ಉದ್ಯೋಗ ಮತ್ತು ಭಾಷೆಯ ಚರ್ಚೆ ಹಳೆಯದು. 1983ರಲ್ಲಿ ರಚನೆಗೊಂಡ ಸರೋಜಿನಿ ಮಹಿಷಿ ಸಮಿತಿಯು 1986ರಲ್ಲಿ ತನ್ನ ಅಂತಿಮ ವರದಿಯಲ್ಲಿ 58 ಶಿಫಾರಸುಗಳನ್ನು ಮಾಡಿತು. 2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ನೀಡಿ, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಇಂಥದೇ ಹರಿಯಾಣದ ಕಾನೂನನ್ನು ಅಲ್ಲಿಯ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದುಪಡಿಸಿತ್ತು. ಮೀಸಲಾತಿಯ ಪ್ರಶ್ನೆ ಏನೇ ಆಗಲಿ, ಸಂದರ್ಶನದ ಕೋಣೆಯೊಳಗೆ ನಡೆಯುವುದನ್ನು ಅದು ತಾನಾಗಿ ಸರಿಪಡಿಸಲಾರದು.

ಸರ್ಕಾರಿ ನೇಮಕಾತಿಯಲ್ಲಿ ಕೆಲವು ಬಾಗಿಲುಗಳು ತೆರೆದಿವೆ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿ 1979ರಿಂದ ಕನ್ನಡ ಮುಂತಾದ ಭಾರತೀಯ ಭಾಷೆಗಳಲ್ಲಿ ಉತ್ತರಿಸಲು ಅವಕಾಶವಿದೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು 2019ರಲ್ಲಿ ಕೇಂದ್ರ ಸರ್ಕಾರ ನಿರ್ಧರಿಸಿತು. ಖಾಸಗಿ ವಲಯದಲ್ಲಿ ಮಾತ್ರ ಎಲ್ಲವೂ ಮಾಲೀಕರ ವಿವೇಕಕ್ಕೆ ಬಿಟ್ಟದ್ದಾಗಿದೆ.

4. ಹೊನಲುಲುವಿನ ಒಂದು ಪ್ರಕರಣ

ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆಯು ರಾಷ್ಟ್ರೀಯ ಮೂಲದ ಆಧಾರದ ತಾರತಮ್ಯವನ್ನು ಖಾಸಗಿ ಉದ್ಯೋಗದಲ್ಲಿಯೂ ನಿಷೇಧಿಸಿದೆ. ಅದರಡಿ ಬಂದ ಪ್ರಸಿದ್ಧ ಮೊಕದ್ದಮೆಯು ಫಿಲಿಪ್ಪೀನ್ಸ್ ಮೂಲದ ಮ್ಯಾನುಯಲ್ ಫ್ರಾಗಾಂಟೆ ಅವರದು. 1981ರಲ್ಲಿ ಅವರು ಹೊನಲುಲು ನಗರದ ಮೋಟಾರು ವಾಹನ ವಿಭಾಗದ ಗುಮಾಸ್ತ ಹುದ್ದೆಗೆ ಲಿಖಿತ ಪರೀಕ್ಷೆ ಬರೆದರು. 721 ಮಂದಿಯಲ್ಲಿ ಅತ್ಯಧಿಕ ಅಂಕ ಅವರದೇ. ಅನಂತರ ನಡೆದ ಚಿಕ್ಕ ಸಂದರ್ಶನದಲ್ಲಿ ಅವರ ಉಚ್ಚಾರ ಅರ್ಥವಾಗುವುದು ಕಷ್ಟವೆಂದು ಕೆಲಸ ನಿರಾಕರಿಸಲಾಯಿತು. 1989ರಲ್ಲಿ ಮೇಲ್ಮನವಿ ನ್ಯಾಯಾಲಯವು ನಗರಾಡಳಿತದ ಪರವಾಗಿ ತೀರ್ಪಿತ್ತಿತು. ಕೌಂಟರಿನಲ್ಲಿ ಸಾರ್ವಜನಿಕರೊಂದಿಗೆ ಸತತ ಮಾತನಾಡಬೇಕಾದ ಹುದ್ದೆಯಾದ್ದರಿಂದ ಮಾತಿನ ಸ್ಪಷ್ಟತೆ ಕೆಲಸದ ನಿಜವಾದ ಅಗತ್ಯವೆಂಬುದು ಅದರ ಆಧಾರ. ಆದರೆ ಉಚ್ಚಾರದ ಹೆಸರಿನಲ್ಲಿ ಮೂಲದ್ವೇಷವನ್ನು ಮುಚ್ಚಿಡುವುದು ಸುಲಭವಾದುದರಿಂದ ಇಂಥ ನಿರ್ಧಾರಗಳನ್ನು ಬಹು ಸೂಕ್ಷ್ಮವಾಗಿ ಪರೀಕ್ಷಿಸಬೇಕೆಂದೂ ಅದು ಹೇಳಿತು.

ಫ್ರಾಗಾಂಟೆ ಸೋತರು, ಆದರೆ ಪ್ರಕರಣವು ಉದ್ದಿಮೆದಾರರಿಗೆ ಒಂದು ಸರಳ ಪ್ರಶ್ನೆಯನ್ನು ಬಿಟ್ಟುಹೋಯಿತು: ‘ಈ ಹುದ್ದೆಯ ಕೆಲಸದಲ್ಲಿ ಮಾತು ಎಷ್ಟು, ಯಾರೊಂದಿಗೆ, ಯಾವ ಭಾಷೆಯಲ್ಲಿ?’ ಈ ಪ್ರಶ್ನೆಗೆ ಸಂದರ್ಶನದ ಮೊದಲೇ ಕಾಗದದ ಮೇಲೆ ಉತ್ತರ ಬರೆದಿಟ್ಟುಕೊಂಡರೆ ಅರ್ಧ ಪೂರ್ವಗ್ರಹ ಅಲ್ಲಿಯೇ ಕಳೆಯುತ್ತದೆ.

5. ಒಂದು ಲೆಕ್ಕ

‘ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ’ ಎಂಬ ಗಾದೆ ಮಾರಾಟಗಾರನ ಮಟ್ಟಿಗೆ ಸರಿ. ಲೆಕ್ಕ ಬರೆಯುವವನಿಗೆ ಅದೇ ಗಾದೆಯನ್ನು ಅನ್ವಯಿಸಿದರೆ ಏನಾಗುತ್ತದೆಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು.

ಹೆದ್ದಾರಿಯ ಬದಿಯ ಒಂದು ಸಣ್ಣ ಬಿಡಿಭಾಗಗಳ ಕಾರ್ಖಾನೆಗೆ ತಿಂಗಳಿಗೆ ರೂ. 18,000 ಸಂಬಳದ ಲೆಕ್ಕದ ಗುಮಾಸ್ತರು ಬೇಕಾಗಿದ್ದಾರೆ. ಹದಿನೈದು ನಿಮಿಷದ ಮಾತುಕತೆಯಲ್ಲಿ ಇಂಗ್ಲಿಷನ್ನು ನಿರರ್ಗಳವಾಗಿ ಆಡಿದ ಅಭ್ಯರ್ಥಿಯನ್ನು ಆರಿಸಲಾಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿದ್ದ ಇನ್ನೊಬ್ಬರನ್ನು ‘ಆಮೇಲೆ ತಿಳಿಸುತ್ತೇವೆ’ ಎಂದು ಕಳುಹಿಸಲಾಯಿತು. ಆಯ್ಕೆಯಾದವರು ಕೊಲ್ಲಾಪುರಕ್ಕೆ ಹೋದ ರೂ. 2,00,000ದ ಸರಕಿಗೆ ಶೇ. 18ರಂತೆ ರೂ. 36,000 ಐಜಿಎಸ್‌ಟಿ ಹಾಕುವ ಬದಲು ರೂ. 18,000 ಸಿಜಿಎಸ್‌ಟಿ ಮತ್ತು ರೂ. 18,000 ಎಸ್‌ಜಿಎಸ್‌ಟಿ ಹಾಕಿ ತೆರಿಗೆ ಕಟ್ಟಿಬಿಟ್ಟರು. ಕಾನೂನಿನ ಪ್ರಕಾರ ಐಜಿಎಸ್‌ಟಿಯನ್ನು ಬೇರೆಯಾಗಿ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ಮರುಪಾವತಿಗೆ ಕೇಳಬೇಕು. ಬಡ್ಡಿಯ ಹೊರೆ ಬೀಳುವುದಿಲ್ಲವಾದರೂ ರೂ. 36,000 ಬಂಡವಾಳ ಸಿಕ್ಕಿಬೀಳುತ್ತದೆ. ನಾಲ್ಕನೆಯ ತಿಂಗಳಿಗೆ ಆ ಗುಮಾಸ್ತರು ಕೆಲಸ ಬಿಟ್ಟರು.

ನಷ್ಟದ ಪಟ್ಟಿ ಹೀಗಾಗುತ್ತದೆ:

ಮೊದಲ ಎರಡು ತಿಂಗಳು ಕಲಿಕೆಯಲ್ಲಿ ಅರ್ಧ ಕೆಲಸ ಮಾತ್ರ – ರೂ. 18,000
ಹೊಸಬರಿಗೆ ಮತ್ತೆ ಅದೇ ಕಲಿಕೆಯ ಅವಧಿ – ರೂ. 18,000
ಸಿಕ್ಕಿಬಿದ್ದ ರೂ. 36,000ಕ್ಕೆ ಶೇ. 12ರಂತೆ ನಾಲ್ಕು ತಿಂಗಳ ಬಡ್ಡಿ – ರೂ. 1,440
ಒಟ್ಟು – ರೂ. 37,440

ಇದು ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಮಾಲೀಕರ ಓಡಾಟ, ಗಿರಾಕಿಗೆ ಹೂಡುವಳಿ ತೆರಿಗೆ ಜಮೆ ಸಿಗದೆ ಹುಟ್ಟಿದ ಮನಸ್ತಾಪ ಇವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇದನ್ನು ತಪ್ಪಿಸಲು ಬೇಕಾಗಿದ್ದುದು ಒಂದೂವರೆ ಗಂಟೆಯ ಪ್ರಾಯೋಗಿಕ ಪರೀಕ್ಷೆ ಮಾತ್ರ.

6. ಸಂದರ್ಶನವನ್ನು ಹೇಗೆ ನಡೆಸಬೇಕು

ಮನಸ್ಸಿಗೆ ತೋಚಿದಂತೆ ಹರಟುವ ಸಂದರ್ಶನಕ್ಕಿಂತ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಹಾಕುವ ಸಂದರ್ಶನವು ಮುಂದಿನ ಕೆಲಸವನ್ನು ಚೆನ್ನಾಗಿ ಊಹಿಸುತ್ತದೆ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಅವರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ, ಕ್ರಮಬದ್ಧ ಸಂದರ್ಶನಕ್ಕೆ 0.51, ಕ್ರಮವಿಲ್ಲದುದಕ್ಕೆ 0.38 ಎಂಬ ಸಹಸಂಬಂಧವನ್ನು ಕೊಟ್ಟರು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಪುನಃ ಲೆಕ್ಕ ಹಾಕಿದಾಗ ಅವು 0.42 ಮತ್ತು 0.19ಕ್ಕೆ ಇಳಿದವು, ಅಂತರ ಮಾತ್ರ ಇನ್ನೂ ಹೆಚ್ಚಾಯಿತು. ಇದರ ಆಧಾರದ ಮೇಲೆ ಸಣ್ಣ ಸಂಸ್ಥೆಗಳು ಕೆಳಗಿನ ಕ್ರಮವನ್ನು ಅನುಸರಿಸಬಹುದು.

(ಅ) ಕೆಲಸದ ಪಟ್ಟಿ: ಹುದ್ದೆಯ ಐದಾರು ಮುಖ್ಯ ಕೆಲಸಗಳನ್ನು ಬರೆಯಬೇಕು. ಪ್ರತಿಯೊಂದಕ್ಕೂ ಬೇಕಾದ ಭಾಷೆಯನ್ನೂ, ಓದುವುದೋ ಬರೆಯುವುದೋ ಮಾತನಾಡುವುದೋ ಎಂಬುದನ್ನೂ ಎದುರಿಗೆ ಗುರುತಿಸಬೇಕು.

(ಆ) ಪ್ರಾಯೋಗಿಕ ಪರೀಕ್ಷೆ: ಲೆಕ್ಕದ ಹುದ್ದೆಗೆ ಹತ್ತು ಬಿಲ್ಲುಗಳನ್ನು ಕೊಟ್ಟು ನಮೂದಿಸಲು ಹೇಳಬಹುದು. ಆರು ಬೆಳಗಾವಿ, ಗೋಕಾಕ, ಮೂಡಲಗಿಯ ಗಿರಾಕಿಗಳದಿರಲಿ. ನಾಲ್ಕು ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜದವರದಿರಲಿ. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ನೋಡಿ 29 ಕರ್ನಾಟಕ, 27 ಮಹಾರಾಷ್ಟ್ರ ಎಂದು ಗುರುತಿಸಿ ಸರಿಯಾದ ತೆರಿಗೆ ಹಾಕುವರೇ? 15 ಅಕ್ಷರಗಳಿರಬೇಕಾದ ಸಂಖ್ಯೆಯಲ್ಲಿ ಬೇಕೆಂದೇ 14 ಬರೆದಿಟ್ಟ ಬಿಲ್ಲನ್ನು ಹಿಡಿಯುವರೇ? ರೂ. 50,000 ಮೀರಿದ ಸರಕಿಗೆ ಇ-ವೇ ಬಿಲ್ ಬೇಕೆಂದು ನೆನಪಿಸುವರೇ? ಈ ಉತ್ತರಗಳಲ್ಲಿ ಯಾರ ಧಾಟಿಯೂ ಕೇಳಿಸುವುದಿಲ್ಲ. ಉತ್ತರ ಪತ್ರಿಕೆಗೆ ಹೆಸರಿನ ಬದಲು ಕ್ರಮಸಂಖ್ಯೆ ಹಾಕಿಸಿದರೆ ಇನ್ನೂ ಒಳ್ಳೆಯದು.

(ಇ) ಒಂದೇ ಪ್ರಶ್ನೆಗಳು: ಐದು ಪ್ರಶ್ನೆಗಳನ್ನು ಮೊದಲೇ ಬರೆದು, ಎಲ್ಲರಿಗೂ ಅದೇ ಕ್ರಮದಲ್ಲಿ ಕೇಳಿ, ಉತ್ತರ ಮುಗಿದ ಕೂಡಲೇ ಅಂಕ ಹಾಕಬೇಕು. ಮೊದಲ ಎರಡು ನಿಮಿಷ ಊರು, ಪ್ರಯಾಣದ ಮಾತಿಗೆ ಮೀಸಲು, ಅದಕ್ಕೆ ಅಂಕವಿಲ್ಲ. ಅಷ್ಟರಲ್ಲಿ ಸಂದರ್ಶಕರ ಕಿವಿ ಹೊಂದಿಕೊಂಡಿರುತ್ತದೆ.

(ಈ) ಭಾಷೆಗೆ ಪ್ರತ್ಯೇಕ ಅಂಕ: ಭಾಷೆಯನ್ನು ಪೂರ್ತಿ ಕಡೆಗಣಿಸಬೇಕೆಂಬುದು ಇದರ ಅರ್ಥವಲ್ಲ. ಅದಕ್ಕೆ ಕೆಲಸದ ಅಗತ್ಯದಷ್ಟು ಅಂಕ ಕೊಟ್ಟು, ಅಲ್ಲಿಗೇ ನಿಲ್ಲಿಸಬೇಕು. ಅರ್ಥವಾಯಿತೇ ಎಂಬುದಕ್ಕೆ ಅಂಕವಿರಲಿ, ಇಂಪಾಗಿತ್ತೇ ಎಂಬುದಕ್ಕೆ ಬೇಡ.

ಮೇಲಿನ ಉದಾಹರಣೆಯ ಇಬ್ಬರಿಗೆ ಈ ಕ್ರಮದಲ್ಲಿ ಅಂಕ ಹಾಕಿದ್ದರೆ ಫಲಿತಾಂಶ ಹೀಗಿರಬಹುದಾಗಿತ್ತು:

ಪ್ರಾಯೋಗಿಕ ಪರೀಕ್ಷೆ, 50 ಅಂಕ – ಕನ್ನಡ ಮಾಧ್ಯಮದವರು 43, ಇಂಗ್ಲಿಷ್ ನಿರರ್ಗಳದವರು 31
ನಿಗದಿತ ಪ್ರಶ್ನೆಗಳು, 30 ಅಂಕ – 22, 21
ಹುದ್ದೆಗೆ ಬೇಕಾದ ಭಾಷೆ, 20 ಅಂಕ – 12, 18
ಒಟ್ಟು, 100 ಅಂಕ – 77, 70

ಕೇವಲ ಮಾತುಕತೆಯಿಂದ ನಿರ್ಧರಿಸಿದಾಗ ಕೊನೆಯ 20 ಅಂಕಗಳೇ 100 ಅಂಕಗಳಂತೆ ವರ್ತಿಸಿದವು. ತಪ್ಪು ನಡೆದದ್ದು ಅಲ್ಲಿ.

7. ಸಂದರ್ಶನಕ್ಕೆ ಹೋಗುವವರಿಗೆ

ವರ್ತಕರ ಮನೆಯ ಮಕ್ಕಳೂ, ಕಾರ್ಖಾನೆಯ ನೌಕರರ ಮಕ್ಕಳೂ ನಾಳೆ ಮೇಜಿನ ಆಚೆ ಕಡೆ ಕುಳಿತುಕೊಳ್ಳುವವರೇ. ಅನ್ಯಾಯದ ಹೊಣೆ ಅವರದಲ್ಲ; ಆದರೂ ಅವರ ಕೈಯಲ್ಲಿ ಕೆಲವು ಉಪಾಯಗಳಿವೆ.

ಮೊದಲನೆಯದು, ಮೊದಲ ನಿಮಿಷದಲ್ಲಿ ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದು. ಎರಡನೆಯದು, ಸಂಖ್ಯೆಗಳಲ್ಲಿ ಎಚ್ಚರ: ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಒಂದೇ ಆಗಿ ಕೇಳಿಸಿದರೆ ಅದು ಧಾಟಿಯ ಮಾತಲ್ಲ, ಹಣದ ಮಾತು, ‘ಒನ್ ಫೈವ್’ ಎಂದು ಬಿಡಿಸಿ ಹೇಳುವುದು ವಾಸಿ. ಮೂರನೆಯದು, ತಮ್ಮ ವೃತ್ತಿಯ ನಲವತ್ತು-ಐವತ್ತು ಪದಗಳನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುವುದು. ಇಡೀ ಭಾಷೆಯನ್ನು ತಿದ್ದುವುದಕ್ಕಿಂತ ಇದು ಬೇಗ ಕೈಗೂಡುತ್ತದೆ. ನಾಲ್ಕನೆಯದು, ಪ್ರಶ್ನೆ ತಿಳಿಯದಿದ್ದರೆ ಊಹಿಸಿ ಉತ್ತರಿಸದೆ ‘ದಯವಿಟ್ಟು ಇನ್ನೊಮ್ಮೆ ಹೇಳುವಿರಾ’ ಎಂದು ಕೇಳುವುದು. ಐದನೆಯದು, ಮಾಡಿದ ಕೆಲಸದ ಒಂದು ಪುಟದ ಪುರಾವೆಯನ್ನು ಕೊಂಡೊಯ್ಯುವುದು: ತಾವೇ ತಯಾರಿಸಿದ ಲೆಕ್ಕಪಟ್ಟಿ, ನಕಾಶೆ ಅಥವಾ ವರದಿ. ಬಾಯಿ ತಡವರಿಸಿದಲ್ಲಿ ಕಾಗದ ಮಾತನಾಡುತ್ತದೆ. ವಿಡಿಯೊ ಸಂದರ್ಶನವಾದರೆ ಒಳ್ಳೆಯ ಇಯರ್‌ಫೋನ್ ಮತ್ತು ಗದ್ದಲವಿಲ್ಲದ ಕೋಣೆ ಅವಶ್ಯ. ಕೆಟ್ಟ ಧ್ವನಿಯ ತಪ್ಪೂ ಧಾಟಿಯ ಲೆಕ್ಕಕ್ಕೇ ಬೀಳುತ್ತದೆ.

ಬಾರದ ಧಾಟಿಯನ್ನು ಬಲವಂತದಿಂದ ಅನುಕರಿಸುವುದು ಮಾತ್ರ ಬೇಡ. ಗಮನವೆಲ್ಲ ನಾಲಿಗೆಯ ಮೇಲೆ ಹೋಗಿ ಉತ್ತರ ತಪ್ಪುತ್ತದೆ. ಅದಕ್ಕೆ ಬದಲಾಗಿ, ಕನ್ನಡ, ಮರಾಠಿ, ಹಿಂದಿ ಮೂರರಲ್ಲಿಯೂ ವ್ಯವಹರಿಸಬಲ್ಲೆನೆಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಎರಡು ರಾಜ್ಯಗಳಲ್ಲಿ ಮಾರಾಟವಿರುವ ಯಾವ ಕಂಪನಿಗೂ ಅದು ಬೆಲೆಯುಳ್ಳ ಯೋಗ್ಯತೆ.

8. ಸಾರಾಂಶ

ಈ ಭಾಗದ ವ್ಯಾಪಾರವು ಎಂದೂ ಒಂದೇ ನುಡಿಯ ಮೇಲೆ ನಿಂತದ್ದಲ್ಲ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿ ಇಂದಿಗೂ ಕಾಣಸಿಗುತ್ತದೆ. ಕೀರ್ದಿ, ಖತಾವಣಿ, ಉದ್ರಿ, ಹುಂಡಿ ಎಂಬ ದಿನಬಳಕೆಯ ಪದಗಳೇ ಹಲವು ಭಾಷೆಗಳ ಕೂಡುಗಳಿಕೆ. ಅಂಗಡಿಯ ಮುಂದೆ ನಿಂತ ಗಿರಾಕಿಯ ಧಾಟಿ ಕೇಳಿ ಯಾವ ವರ್ತಕರೂ ಸರಕು ನಿರಾಕರಿಸುವುದಿಲ್ಲ. ಅವರು ನೋಡುವುದು ವ್ಯವಹಾರದ ಸಾಚಾತನವನ್ನು. ಕೆಲಸ ಕೇಳಿ ಬಂದವರ ವಿಷಯದಲ್ಲಿಯೂ ಅದೇ ನ್ಯಾಯ ಸಲ್ಲತಕ್ಕದ್ದು.

ಮುಂದಿನ ಬಾರಿ ಹುದ್ದೆಯೊಂದು ತೆರವಾದಾಗ ಸಂಸ್ಥೆಯ ಮಾಲೀಕರು ಮೂರು ಕಾಗದಗಳನ್ನು ಸಿದ್ಧಪಡಿಸಿಕೊಂಡರೆ ಸಾಕು: ಕೆಲಸದ ಪಟ್ಟಿ, ಪ್ರಾಯೋಗಿಕ ಪರೀಕ್ಷೆಯ ಪತ್ರಿಕೆ, ಅಂಕಪಟ್ಟಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ತಪ್ಪು ಆಯ್ಕೆಯ ವೆಚ್ಚವನ್ನು ಮೇಲೆ ತೋರಿಸಲಾಗಿದೆ. ಕೈತಪ್ಪಿ ಹೋದ ಒಳ್ಳೆಯ ನೌಕರರ ವೆಚ್ಚವು ಮಾತ್ರ ಯಾವ ಖಾತೆಯಲ್ಲಿಯೂ ನಮೂದಾಗುವುದಿಲ್ಲ. ಅದನ್ನು ಸಂಸ್ಥೆಯು ವರ್ಷಾನುವರ್ಷ, ತಿಳಿಯದೆಯೇ, ಭರಿಸುತ್ತಿರುತ್ತದೆ.